ಗಂಗುಲಪ್ಪನ ಹೆಸರಿಗೆ ಸುಣ್ಣ ಬಳಿದ ವರ್ಷ

ಕಳೆದ ತಿಂಗಳು ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜಿ ಬಂದು ನನ್ನ ಪಕ್ಕದಲ್ಲಿ ಕೂತರು. ಕೂತವರೇ ಸೊಂಟದ ಚೀಲ ಬಿಚ್ಚಿ, ಒಂದು ಚೂರು ಹೊಗೆಸೊಪ್ಪು ಮುರಿದು, ಅಂಗೈಯಲ್ಲಿಟ್ಟು ಸುಣ್ಣ ಹಚ್ಚಿ ತಿಕ್ಕತೊಡಗಿದರು. ಮಳೆ ಅಂತ ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕರವಸ್ತ್ರದಿಂದ ಮೂಗು ಬಾಯಿ ಮುಚ್ಚಿಕೊಂಡೆ. ಅಜ್ಜಿ ನನ್ನ ಮುಖ ನೋಡಿ, "ಯಾಕಪ್ಪ, ಬಸ್ಸು ಆಗಲ್ವಾ ನಿಂಗೆ?" ಎಂದು ಕೇಳಿದರು. "ಹೂಂ ಕಣಮ್ಮ" ಎಂದೆ. ಬಸ್ಸೇನೋ ಆಗುತ್ತದೆ. ಆಗದೇ ಇರುವುದು ಹೊಗೆಸೊಪ್ಪಿನ ವಾಸನೆ. ಅದು ಬಂದರೆ ನನಗೆ ಒಂದು ಮಳೆಗಾಲ ನೆನಪಾಗುತ್ತದೆ. ಆ ಮಳೆಗಾಲದಲ್ಲಿ ಒಬ್ಬ ಒಳ್ಳೆಯ ಮನುಷ್ಯನಿಗೆ ನಾನು ಏನು ಮಾಡಿದೆ ಎಂಬುದು ನೆನಪಾಗುತ್ತದೆ.

ಈಗ ನಾನು ಗೌರಿಬಿದನೂರಿನಲ್ಲಿ ಹನಿ ನೀರಾವರಿಯ ಪೈಪು ಮಾರುತ್ತೇನೆ. ಪೈಪಿಗೆ ಸತ್ಯ ಧರ್ಮ ಏನೂ ಬೇಕಿಲ್ಲ, ಸೋರದಿದ್ದರೆ ಸಾಕು. ಅದಕ್ಕೂ ಮೊದಲು ಐದು ವರ್ಷ ಸಾವಯವ ತರಕಾರಿಯನ್ನು ರೈತರಿಂದ ತೆಗೆದುಕೊಂಡು ಯಲಹಂಕ ಕಡೆಯ ಮನೆಗಳಿಗೆ ಹಂಚುವ ಕೆಲಸ ಮಾಡಿದೆ. ಅದಕ್ಕೂ ಮೊದಲು ಹದಿನೈದು ವರ್ಷ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಇಟ್ಟಿದ್ದೆ. ಹುಳ ಬಿದ್ದಿದೆ ಅಂತ ರೈತರು ಒಂದು ಎಲೆ ತಂದು ತೋರಿಸಿದರೆ, ಡಾಕ್ಟರಂತೆ ಎರಡು ಬದಿ ತಿರುಗಿಸಿ ನೋಡಿ ಬಾಟಲಿ ಎತ್ತಿಕೊಡುತ್ತಿದ್ದೆ. ನಾಳೆ ಕೊಯ್ಯುವ ಬದನೆಗೆ ಇವತ್ತು ಏನು ಹೊಡೆದರೆ ಹೊಳಪು ಬರುತ್ತದೆ ಎಂದು ಕೇಳಿದರೂ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಮಾತ್ರ ತರಕಾರಿಯನ್ನು ಉಪ್ಪುನೀರಿನಲ್ಲಿ ಒಂದು ಗಂಟೆ ನೆನೆಸು ಎಂದು ಹೆಂಡತಿಗೆ ತಾಕೀತು. ಒಂದು ದಿನ ಅವಳು ತರಕಾರಿ ನೆನೆಸಿದ ಬೋಸಿಯನ್ನು ನನ್ನ ಮುಂದೆ ಕುಕ್ಕಿ, "ಅಂಗಡೀಲಿ ಮಾರೋರು ನೀವು, ತೊಳ್ಯೋಳು ನಾನಾ? ಇವತ್ತು ನೀವೇ ತೊಳ್ಕೊಳ್ರಿ" ಎಂದಳು. ತೊಳೆದೆ. ತೊಳೆಯುತ್ತಾ ತೊಳೆಯುತ್ತಾ ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು. ವರ್ಷ ಕಳೆಯುವುದರೊಳಗೆ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಕುಡಿತ ಬಿಟ್ಟವನು ಊರಿಗೆಲ್ಲ ಬುದ್ಧಿ ಹೇಳುತ್ತಾ ತಿರುಗುವುದನ್ನು ನೀವು ನೋಡಿರಬಹುದು. ನಾನು ಹಾಗೇ ಆದೆ. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿದ್ದವನು, ಈಗ ಆ ಕೋಪಕ್ಕೆ ಒಂದು ಒಳ್ಳೆಯ ಕಾರಣವೂ ಸಿಕ್ಕಿತು.

ಜೊತೆಗೆ ಬಂದವನು ಮುಜೀಬ್. ಅಲೀಪುರದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅಂಗಡಿಯ ದಿನಗಳಲ್ಲಿ ನನಗೆ ಗೊಬ್ಬರದ ಮೂಟೆ ಸಾಗಿಸಿಕೊಡುತ್ತಿದ್ದ. ಅವನ ಟೆಂಪೋ, ನನ್ನ ಹುಚ್ಚು. ಚಿಕ್ಕಬಳ್ಳಾಪುರದ ಹೊರಗೆ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದೆವು. ಒಂದು ದಿನ ಗೌರಿಬಿದನೂರು, ನಗರಗೆರೆ ಕಡೆ ಸುತ್ತಿದರೆ ಇನ್ನೊಂದು ದಿನ ಶಿಡ್ಲಘಟ್ಟ, ಚಿಂತಾಮಣಿ ಕಡೆ. ಮುಜೀಬ್ ಬೆಳಿಗ್ಗೆ ಬೆಳಿಗ್ಗೆಯೇ ತರಕಾರಿ ತಂದು ಇಳಿಸುತ್ತಿದ್ದ, ಹತ್ತು ಹೆಂಗಸರು ಕೂತು ಬುಟ್ಟಿಗಳಿಗೆ ತುಂಬುತ್ತಿದ್ದರು. ಪ್ರತಿ ಬುಟ್ಟಿಯಲ್ಲೂ ಒಂದು ಚೀಟಿ ಇರುತ್ತಿತ್ತು, ಅದರಲ್ಲಿ ಬೆಳೆದವರ ಹೆಸರು, ಊರು. ಶೆಡ್ಡಿನ ಒಳಗೋಡೆಯ ಮೇಲೆ ಮೂವತ್ತು ರೈತರ ಹೆಸರನ್ನು ನೀಲಿ ಬಣ್ಣದಲ್ಲಿ ಬರೆಸಿದ್ದೆ. ತಿನ್ನುವವರಿಗೆ ಬೆಳೆದವರ ಹೆಸರು ಗೊತ್ತಿರಬೇಕು ಎಂಬುದು ನನ್ನ ಹಟ. ಆ ಗೋಡೆಯಲ್ಲಿ ಮೊದಲನೇ ಹೆಸರು ಗಂಗುಲಪ್ಪನದು.

ಗಂಗುಲಪ್ಪ ನಗರಗೆರೆ ಹತ್ತಿರದವನು. ಐವತ್ತೈದು ದಾಟಿದ ಮನುಷ್ಯ, ಹೆಗಲ ಮೇಲೆ ಕೆಂಪು ಟವೆಲು. ಮಾತು ಕಮ್ಮಿ, ಆಡಿದರೆ ಅರ್ಧ ಕನ್ನಡ, ಅರ್ಧ ತೆಲುಗು. ನಾನು ಕೀಟನಾಶಕದ ಅಂಗಡಿ ಬಿಟ್ಟೆ ಎಂದಾಗ ಊರಿನವರೆಲ್ಲ ನಕ್ಕರೆ ಅವನೊಬ್ಬನೇ ಮನೆಗೆ ಬಂದು, "ಸೀನಪ್ಪ, ನೀನು ಬಿಟ್ಟಿದ್ದನ್ನ ನಾನೂ ಬಿಡ್ತೀನಿ ಕಣಪ್ಪ. ಏನ್ಮಾಡ್ಬೇಕು ಹೇಳು" ಎಂದ. ಒಂದು ಎಕರೆಯಲ್ಲಿ ಶುರು ಮಾಡಿದ. ಮೊದಲ ವರ್ಷ ಅವನ ಹೊಲ ನೋಡಿ ಊರಿನವರು ಹುಳ ಸಾಕುತ್ತಿದ್ದೀಯಾ ಎಂದು ಆಡಿಕೊಂಡರು. ಅವನು ತನ್ನ ಪಾಡಿಗೆ ಹುಳ ಆರಿಸುತ್ತಾ ಹೋದ. ಮೂರನೇ ವರ್ಷಕ್ಕೆ ಅವನ ಹುರುಳಿಕಾಯಿಯನ್ನು ಯಲಹಂಕದ ಒಬ್ಬ ಮುದುಕಿ ಹೆಸರು ಹಿಡಿದು ಕೇಳುವಂತಾಯಿತು. ಆ ಮುದುಕಿ ಚೀಟಿಯಲ್ಲಿದ್ದ ಹೆಸರು ನೋಡಿ, ನನ್ನಿಂದ ನಂಬರು ತೆಗೆದುಕೊಂಡು ಅವನಿಗೆ ಫೋನ್ ಮಾಡುತ್ತಿದ್ದರು. ಅವನು ಫೋನ್ ಹಿಡಿದುಕೊಂಡು ನಿಂತಲ್ಲೇ ನಗುತ್ತಿದ್ದ. ಹೆಂಡತಿ ನಂಜಮ್ಮ, "ಅದ್ಯಾರೋ ಯಲಹಂಕದೋಳು ಫೋನ್ ಮಾಡುದ್ರೆ ಮೊಕ ಊರಗಲ ಆಗ್ತದೆ" ಎಂದು ರೇಗಿಸುತ್ತಿದ್ದಳು.

ಮೂವತ್ತು ರೈತರನ್ನು ನಂಬುವುದು ಹೇಗೆ? ಪ್ರತಿ ಸಲ ಲ್ಯಾಬಿಗೆ ಕಳಿಸಲು ನಮ್ಮ ಕೈಲಾಗುತ್ತಿರಲಿಲ್ಲ. ಅದಕ್ಕೆ ಶಿಡ್ಲಘಟ್ಟ ಕಡೆಯ ಒಂದು ಉಪಾಯ ಹುಡುಕಿದೆ. ರೇಷ್ಮೆ ಹುಳಕ್ಕೆ ವಿಷ ಚೂರೂ ತಡೆಯುವುದಿಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು, ಆ ಸೊಪ್ಪು ತಿಂದ ಹುಳ ಸಾಯುತ್ತದೆ. ಹಾಗಾಗಿ ನಮ್ಮ ರೈತರೆಲ್ಲ ತರಕಾರಿ ಹೊಲದ ನಡುವೆ ಐದು ಹಿಪ್ಪುನೇರಳೆ ಗಿಡ ಹಾಕಬೇಕು, ಬೆಳೆಗೆ ಏನೇ ಹೊಡೆದರೂ ಆ ಗಿಡಕ್ಕೂ ಹೊಡೆಯಬೇಕು ಎಂದು ನಿಯಮ ಮಾಡಿದೆ. ಕೊಯ್ಲಿಗೆ ಮುಂಚೆ ಮುಜೀಬ್ ಹೇಳದೆ ಕೇಳದೆ ಹೋಗಿ ಸೊಪ್ಪು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಶಿಡ್ಲಘಟ್ಟದ ಆಚೆ ಹುಳ ಸಾಕುವ ಮುನಿರತ್ನಮ್ಮನಿಗೆ ಮುಟ್ಟಿಸುತ್ತಿದ್ದ. ಆಕೆ ತನ್ನ ಹುಳು ಮನೆಯಿಂದ ದೂರ, ಹಿಂದಿನ ಕೊಟ್ಟಿಗೆಯಲ್ಲಿ ಒಂದು ತಟ್ಟೆಯಲ್ಲಿ ಐವತ್ತು ಹುಳ ಬೇರೆ ಇಟ್ಟು, ಅದಕ್ಕೆ ಆ ಸೊಪ್ಪು ಹಾಕುತ್ತಿದ್ದಳು. ಒಂದು ದಿನ ಕಳೆದು ಹುಳ ನೆಟ್ಟಗಿದ್ದರೆ ಆ ಹೊಲದ ತರಕಾರಿ ಬುಟ್ಟಿಗೆ. ಇಲ್ಲದಿದ್ದರೆ ಇಲ್ಲ.

ಈ ಪರೀಕ್ಷೆಯ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದರೆ, ಮನೆಗೆ ಬಂದವರಿಗೆ ಕಾಫಿಗೂ ಮುಂಚೆ ಅದನ್ನೇ ಹೇಳುತ್ತಿದ್ದೆ. ಗಿರಾಕಿಗಳ ವಾಟ್ಸಾಪ್ ಗುಂಪಿಗೆ ತಟ್ಟೆಯ ಫೋಟೋ ಹಾಕುತ್ತಿದ್ದೆ. ಹುಳ ಸುಳ್ಳು ಹೇಳುವುದಿಲ್ಲ ಎಂದು ಅದರ ಕೆಳಗೆ ಬರೆಯುತ್ತಿದ್ದೆ.

ನಾಲ್ಕನೇ ವರ್ಷದ ಮಳೆಗಾಲ. ನಮ್ಮ ಕಡೆ ಅಪರೂಪಕ್ಕೆ ಮೋಡ ಕಟ್ಟಿಕೊಂಡು ಹದಿನೈದು ದಿನ ಬಿಡಲೇ ಇಲ್ಲ. ನಂದಿ ಬೆಟ್ಟ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸುರಿಯುವ ಮಳೆಯಲ್ಲ, ಬರೀ ಜಿಟಿಜಿಟಿ. ಬಿಸಿಲಿಲ್ಲದೆ ಹುರುಳಿಕಾಯಿ ಗಿಡದ ಕುಡಿಗಳಲ್ಲೆಲ್ಲ ರಸ ಹೀರುವ ಕಪ್ಪು ಹೇನು ಮೆತ್ತಿಕೊಂಡಿತು. ಚಿಂತಾಮಣಿಯಿಂದ, ಶಿಡ್ಲಘಟ್ಟದಿಂದ, ಎಲ್ಲ ಕಡೆಯಿಂದ ಫೋನು. ಏನು ಮಾಡಣ, ಏನು ಹೊಡೆಯಣ. ಬೇವಿನ ಎಣ್ಣೆಗೆ ಹೇನು ಜಗ್ಗಲಿಲ್ಲ. ನಾನು ಎಲ್ಲರನ್ನೂ ಶೆಡ್ಡಿಗೆ ಕರೆದು, ಒಲೆ ಹೂಡಿ, ದೊಡ್ಡ ಹಂಡೆಯಲ್ಲಿ ಕಷಾಯ ಕಾಯಿಸಿ ತೋರಿಸಿದೆ. ನಾಟಿ ಹಸುವಿನ ಗಂಜಲ, ಬೇವಿನ ಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹೊಗೆಸೊಪ್ಪು. ಕುದಿದು ಕುದಿದು ಹಂಡೆಯಿಂದ ಘಾಟು ಎದ್ದಾಗ ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿದರು. ಗಂಗುಲಪ್ಪ ಒಬ್ಬ ಮಾತ್ರ ಟವೆಲಿನಿಂದ ಮೂಗು ಮುಚ್ಚಿಕೊಂಡು ಹಂಡೆಯ ಪಕ್ಕದಲ್ಲೇ ನಿಂತು, ಯಾವುದು ಎಷ್ಟು ಎಂದು ಎರಡೆರಡು ಸಲ ಕೇಳಿಕೊಂಡ. ಹೊಗೆಸೊಪ್ಪು ತಂದುಕೊಡು ಎಂದು ಮುಜೀಬನಿಗೆ ಹೇಳಿ ಹೋದ.

ಅದಾಗಿ ಒಂದು ವಾರಕ್ಕೆ ಮುನಿರತ್ನಮ್ಮನ ಫೋನು ಬಂತು. "ಅಣ್ಣ, ಗಂಗುಲಪ್ಪೋರ ಸೊಪ್ಪು ಹಾಕಿದ್ ತಟ್ಟೆ ಪೂರ್ತಿ ಹೋಯ್ತು. ಹುಳ ತಲೆ ಒದರಿಕೊಂಡು ಹಸಿರು ಕಕ್ತಾ ಅವೆ. ನೋಡಕ್ಕಾಗಲ್ಲ" ಎಂದಳು.

ನನಗೆ ನಂಬಲಾಗಲಿಲ್ಲ. ಮುಜೀಬನನ್ನು ಅವತ್ತೇ ಮತ್ತೆ ಕಳಿಸಿ ಬೇರೆ ಗಿಡಗಳ ಸೊಪ್ಪು ತರಿಸಿದೆ. ಆ ತಟ್ಟೆಯೂ ಸತ್ತಿತು. ಬೇರೆ ಎಲ್ಲ ರೈತರ ತಟ್ಟೆಗಳೂ ಚೆನ್ನಾಗಿದ್ದವು. ಆಗ ನನಗೆ ಬಂದ ಕೋಪ ಸಾಮಾನ್ಯದ್ದಲ್ಲ. ಬೇರೆ ಯಾರೇ ಆಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮೊದಲು ಬಂದವನು, ನನ್ನನ್ನು ಮೊದಲು ನಂಬಿದವನು, ಅವನೇ ನನ್ನ ಬೆನ್ನ ಹಿಂದೆ ಬಾಟಲಿ ಹಿಡಿದನೇ ಎಂದು ಎರಡು ದಿನ ಅನ್ನ ಸೇರಲಿಲ್ಲ.

ಮುಜೀಬ್ ಟೆಂಪೋದಲ್ಲಿ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ. "ಅಣ್ಣಾ, ಮೋಸ ಮಾಡೋನಾಗಿದ್ರೆ ಆ ರೇಷ್ಮೆ ಗಿಡಕ್ಕೂ ಹೊಡೀತಿದ್ನಾ? ಅದನ್ನ ಬಿಟ್ಟು ಹೊಡೀತಿದ್ದ. ಒಂದ್ಸಲ ಕೂತು ಕೇಳಣ. ಇಲ್ಲಾಂದ್ರೆ ಲ್ಯಾಬಿಗೆ ಕಳ್ಸಣ."

"ಹುಳ ಸುಳ್ಳು ಹೇಳಲ್ಲ ಮುಜೀಬ್" ಎಂದೆ.

"ಹುಳ ಸುಳ್ಳು ಹೇಳಲ್ಲ ಸರಿ. ಗಂಗುಲಣ್ಣ ಯಾವತ್ತು ಹೇಳಿದ್ರು?"

ಈಗ ಆ ಮಾತು ದಿನಕ್ಕೊಂದು ಸಲವಾದರೂ ನೆನಪಾಗುತ್ತದೆ. ಆಗ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ತಿಂಗಳ ಎರಡನೇ ಭಾನುವಾರ ನಮ್ಮ ಸಭೆ. ಯಾರ ಮೇಲೆ ಏನೇ ದೂರಿದ್ದರೂ ಎಲ್ಲರ ಮುಂದೆಯೇ ಹೇಳಬೇಕು ಎಂಬುದೂ ನನ್ನದೇ ನಿಯಮ. ಮುಚ್ಚುಮರೆ ಇರಬಾರದಲ್ಲ, ಅದಕ್ಕೆ. ಎಲ್ಲರೂ ಗೋಣಿಚೀಲದ ಮೇಲೆ ಕೂತಿದ್ದರು. ತಗಡಿನ ಮೇಲೆ ಮಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಸತ್ತ ಹುಳಗಳ ತಟ್ಟೆಯನ್ನು ತಂದು ನಡುವೆ ಇಟ್ಟು, ಇದು ಯಾರ ಹೊಲದ ಸೊಪ್ಪು ತಿಂದ ಹುಳ ಎಂದು ಹೇಳಿದೆ. ಗಂಗುಲಪ್ಪ ಒಂದು ನಿಮಿಷ ತಟ್ಟೆಯನ್ನೇ ನೋಡಿದ. ಆಮೇಲೆ ಎದ್ದು ನಿಂತ. ಹೆಗಲ ಮೇಲಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಔಷಧಿ ಹೊಡ್ದಿಲ್ಲಪ್ಪ ಸೀನಪ್ಪ. ನೀನು ಹೇಳ್ಕೊಟ್ಟಿದ್ದ ಕಷಾಯ ಬಿಟ್ರೆ ಇನ್ನೇನೂ ಹೊಡ್ದಿಲ್ಲ."

"ಕಷಾಯಕ್ಕೆ ಹುಳ ಸಾಯ್ತದೇನಯ್ಯಾ?" ಎಂದೆ ನಾನು. ಯಾವತ್ತೂ ಗಂಗುಲಣ್ಣ ಎನ್ನುತ್ತಿದ್ದವನು ಅವತ್ತು ಅಯ್ಯಾ ಎಂದೆ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕ ಮೇಲೆ ಇನ್ನೊಬ್ಬರು, ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ನಕ್ಕೆ. ಗಂಗುಲಪ್ಪನಿಗೆ ಕನ್ನಡ ಮರೆತೇ ಹೋಯಿತು. "ಕೊಟ್ಟಲೇದು ಸಾರ್. ಮಾ ಅಮ್ಮ ಮೀದ ಒಟ್ಟು, ಕೊಟ್ಟಲೇದು" ಎಂದ. ಹೊಡೆದಿಲ್ಲ, ನಮ್ಮಮ್ಮನಾಣೆ ಹೊಡೆದಿಲ್ಲ. ಅವನು ನನ್ನನ್ನು ಸಾರ್ ಎಂದು ಕರೆದದ್ದು ಅದೇ ಮೊದಲು. ಆಮೇಲೆ ಅವನ ಬಾಯಲ್ಲಿ ನಾನು ಮತ್ತೆ ಸೀನಪ್ಪ ಆಗಲೇ ಇಲ್ಲ.

ಅವನು ಟವೆಲು ಕೊಡವಿಕೊಂಡು ಮಳೆಯಲ್ಲೇ ಬಸ್ ನಿಲ್ದಾಣದ ಕಡೆ ನಡೆದ. ಟೆಂಪೋದಲ್ಲಿ ಬಿಟ್ಟು ಬರುತ್ತೇನೆಂದು ಮುಜೀಬ್ ಹಿಂದೆಯೇ ಓಡಿದರೆ ಕೈಮುಗಿದು ಬೇಡ ಎಂದನಂತೆ. ನಾನು ಆ ಹೊತ್ತಿಗೆ ಶೆಡ್ಡಿನ ಒಳಗೆ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದೆ. ಬೇರೆಯವರ ಕೈಯಲ್ಲಿ ಮಾಡಿಸಲಿಲ್ಲ. ನಾನೇ ಕುಂಚ ಹಿಡಿದು ಗೋಡೆಯ ಮೊದಲನೇ ಹೆಸರಿನ ಮೇಲೆ ಬಳಿದೆ. ಸಂಜೆ ಗಿರಾಕಿಗಳ ಗುಂಪಿಗೆ ಬರೆದೆ. ನಮ್ಮ ನಿಯಮ ಮುರಿದ ರೈತರೊಬ್ಬರನ್ನು ಕೈಬಿಟ್ಟಿದ್ದೇವೆ ಎಂದು ಬರೆದು ನಿಲ್ಲಿಸಬಹುದಿತ್ತು. ನಾನು ಹೆಸರು, ಊರು ಎರಡನ್ನೂ ಬರೆದೆ. ಹೊಗಳಿದ ಹೆಸರನ್ನು ತೆಗಳುವಾಗಲೂ ಹೇಳುವುದೇ ಪ್ರಾಮಾಣಿಕತೆ ಎಂದು ಆಗ ನನಗೆ ಅನಿಸಿತ್ತು. ಚಪ್ಪಾಳೆಯ ಚಿತ್ರಗಳು, ಮುಗಿದ ಕೈಗಳು ಸಾಲುಸಾಲಾಗಿ ಬಂದವು. ನಿಮ್ಮಂಥವರು ಇನ್ನೂ ಇದ್ದಾರಲ್ಲ ಎಂದು ಬರೆದರು. ಆ ವಾರ ಹೊಸ ಮನೆಗಳೂ ಸೇರಿಕೊಂಡವು. ಯಲಹಂಕದ ಮುದುಕಿ ಮಾತ್ರ ಫೋನ್ ಮಾಡಿ, "ಅವರು ಹಾಗೆ ಮಾಡೋರಲ್ಲಪ್ಪ, ಸರಿಯಾಗಿ ವಿಚಾರಿಸಿದ್ರಾ?" ಎಂದು ಕೇಳಿದರು. ವಿಚಾರಿಸಿದ್ದೇವೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಳೆ ನಿಂತಿತು, ದೀಪಾವಳಿ ಬಂತು, ಹೋಯಿತು. ಒಂದು ಮಧ್ಯಾಹ್ನ ಮುಜೀಬ್ ಚಿಂತಾಮಣಿಯಿಂದ ಬರುತ್ತಾ ನನ್ನನ್ನೂ ಮುನಿರತ್ನಮ್ಮನ ಮನೆಗೆ ಕರೆದುಕೊಂಡು ಹೋದ. ಆಕೆಯ ಹುಳಗಳು ಇನ್ನೆರಡು ದಿನದಲ್ಲಿ ಗೂಡು ಕಟ್ಟಲಿದ್ದವು. ಹುಳು ಮನೆಯ ಒಳಗಿಂದ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು ಬರುತ್ತಿತ್ತು. ಜಗುಲಿಯ ಮೇಲೆ ಆಕೆಯ ಮಾವ ಕೂತು ಹೊಗೆಸೊಪ್ಪು ಅಗಿಯುತ್ತಿದ್ದರು. ನಮ್ಮನ್ನು ನೋಡಿ ಮಾತಾಡಿಸುತ್ತಾ, ಹುಳು ಮನೆ ತೋರಿಸುತ್ತೇನೆ ಬನ್ನಿ ಎಂದು ಎದ್ದು ಬಾಗಿಲಿಗೆ ಕೈ ಇಟ್ಟರು. ಮುನಿರತ್ನಮ್ಮ ಓಡಿಬಂದು ಅಡ್ಡ ನಿಂತಳು.

"ಮಾವ, ಎಷ್ಟ್ ದಪ ಹೇಳ್ಬೇಕು ನಿಮ್ಗೆ? ಮೊದ್ಲು ಉಗುದು, ಸೋಪಾಕಿ ಕೈ ತೊಳ್ಕೊಳ್ಳಿ. ಅಲ್ಲೀಗಂಟ ಹೊಸ್ಲು ತುಳೀಬೇಡಿ."

ನಾನು ನಕ್ಕು, "ಪಾಪ, ಅಜ್ಜನ ಮೇಲೆ ಯಾಕಮ್ಮ ಇಷ್ಟು ಜೋರು?" ಎಂದೆ.

"ಹೊಗೆಸೊಪ್ಪು ಮುಟ್ಟಿದ್ ಕೈಯಲ್ಲಿ ಸೊಪ್ಪು ಮುಟ್ಟುದ್ರೆ ಒಂದ್ ಹುಳಾನೂ ಉಳಿಯಲ್ಲ ಅಣ್ಣ. ಹಸಿರು ಕಕ್ಕಿ ಸಾಯ್ತವೆ. ನಮ್ಮ ಕಡೆ ಎಳೇ ಮಕ್ಕಳಿಗೂ ಗೊತ್ತು" ಎಂದಳು.

ನಗುತ್ತಿದ್ದ ನನ್ನ ಬಾಯಿ ಹಾಗೇ ನಿಂತಿತು. ಮುಜೀಬನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ತಲೆ ಎತ್ತದೆ, "ಅಣ್ಣಾ, ಗಂಗುಲಣ್ಣನಿಗೆ ಹೊಗೆಸೊಪ್ಪು ತಂದುಕೊಟ್ಟಿದ್ದು ನಾನೇ. ಸಂತೆಯಿಂದ. ಮಾರನೇ ದಿನಾನೇ ಕಷಾಯ ಹೊಡೆದ್ರು" ಎಂದ.

ಕಷಾಯಕ್ಕೆ ಏನೇನು ಹಾಕುತ್ತೇವೆಂದು ನಾನು ಮುನಿರತ್ನಮ್ಮನಿಗೆ ಯಾವತ್ತೂ ಹೇಳಿರಲಿಲ್ಲ. ಅವಳು ತರಕಾರಿ ಬೆಳೆಯುವವಳಲ್ಲ, ಕೇಳಿರಲಿಲ್ಲ. ರೇಷ್ಮೆ ಸಾಕಿ ಗೊತ್ತಿಲ್ಲದ ಗೌರಿಬಿದನೂರಿನವನು ನಾನು, ರೇಷ್ಮೆಯ ಊರಿನಿಂದ ಪರೀಕ್ಷೆಯನ್ನು ಮಾತ್ರ ಎತ್ತಿಕೊಂಡು ಬಂದೆ, ಆ ಊರಿನ ಎಳೇ ಮಕ್ಕಳಿಗೆ ಗೊತ್ತಿದ್ದುದನ್ನು ಕೇಳಿಕೊಂಡು ಬರಲಿಲ್ಲ. ಹೊಗೆಸೊಪ್ಪಿನ ಸಾರ ವಿಷ ಎಂಬುದು ಹದಿನೈದು ವರ್ಷ ಬಾಟಲಿ ಮಾರಿದ ನನಗೆ ತಿಳಿಯದ ವಿಷಯವೂ ಅಲ್ಲ. ಆದರೆ ಒಲೆಯ ಮೇಲೆ ನಾನೇ ಕಾಯಿಸಿದ್ದು ವಿಷ ಹೇಗಾದೀತು ಎಂದುಕೊಂಡಿದ್ದೆ. ಗಂಗುಲಪ್ಪ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಬೆಳೆಗೆ ಹೊಡೆದದ್ದನ್ನು ಆ ಐದು ಗಿಡಕ್ಕೂ ಹೊಡೆದ. ಮೂವತ್ತು ಜನರ ಮುಂದೆ, ಕಷಾಯ ಬಿಟ್ಟು ಬೇರೇನೂ ಹೊಡೆದಿಲ್ಲ ಎಂದು ಕಾರಣವನ್ನೂ ಅವನೇ ಹೇಳಿದ್ದ. ನಾನು ನಕ್ಕಿದ್ದೆ.

ಮರುದಿನ ಬೆಳಿಗ್ಗೆ ಅವನ ಹೊಲಕ್ಕೆ ಹೋದೆ. ಇನ್ನೂ ರಸ್ತೆಯಲ್ಲಿರುವಾಗಲೇ ಗಾಳಿಯಲ್ಲಿ ವಾಸನೆ ಬಂತು. ನನಗೆ ಯಾರೂ ಹೇಳಬೇಕಿರಲಿಲ್ಲ, ಯಾವ ಬಾಟಲಿ ಎಂಬುದೂ ತಿಳಿಯಿತು. ಹುರುಳಿಕಾಯಿ ಇದ್ದ ಕಡೆ ಟೊಮೇಟೊ ನಿಂತಿತ್ತು. ಗಂಗುಲಪ್ಪ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು, ಮೂಗಿಗೆ ಅದೇ ಕೆಂಪು ಟವೆಲು ಸುತ್ತಿಕೊಂಡು ಸಾಲಿನಿಂದ ಸಾಲಿಗೆ ಹೊಡೆಯುತ್ತಿದ್ದ. ನನ್ನನ್ನು ನೋಡಿ ಟ್ಯಾಂಕು ಇಳಿಸಿ, ಬದುವಿನ ಮೇಲೆ ಗೋಣಿಚೀಲ ಹಾಸಿ ಕೂರಲು ಹೇಳಿದ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಕಾಲಿಗೆ ಬೀಳಲು ಬಗ್ಗಿದರೆ ಹಿಂದೆ ಸರಿದ.

"ಬಿಡಿ ಸಾರ್, ದೊಡ್ಡೋರು ನೀವು" ಎಂದ. ನನಗಿಂತ ಹತ್ತು ವರ್ಷ ದೊಡ್ಡವನು ಹಾಗೆ ಹೇಳಿದ. ಟೊಮೇಟೊ ಸಾಲಿನ ಕಡೆ ತಿರುಗಿ, "ಈಗ ನೀವು ಹೇಳಿದ್ದೇ ನಿಜ ಆಯ್ತಲ್ಲ. ಇನ್ನು ಅದರ ಮಾತು ಯಾಕೆ?" ಎಂದ. ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ನಂಜಮ್ಮ ಬಿಂದಿಗೆ ಇಳಿಸಿ ಹತ್ತಿರ ಬಂದಳು. ಅವಳು ಗಂಡನಂತೆ ನುಂಗಿಕೊಳ್ಳುವವಳಲ್ಲ. "ಮೂರು ವರ್ಷ ಊರೆಲ್ಲ ನಕ್ಕರು. ನಗಲಿ, ನಮ್ಮ ಸೀನಪ್ಪ ಅವ್ನೆ ಅಂತ ಇದ್ವಿ. ನಿಮ್ಮ ಶೆಡ್ಡಲ್ಲಿ ನಕ್ಕರು ಅಂತ ಬಂದೋರು ಇವ್ರು, ಎಂಟು ದಿನ ಬಾಗಿಲಿಂದ ಆಚೆ ಬರಲಿಲ್ಲ. ಆ ಯಲಹಂಕದಮ್ಮನ ಫೋನು ಬಂದ್ರೂ ಎತ್ತಲಿಲ್ಲ. ಆಮೇಲೆ ಎದ್ದು ಹೋಗಿ ಈ ಡಬ್ಬ ತಂದ್ರು. ನಿಮ್ಮ ಹಳೇ ಅಂಗಡಿಯಿಂದಾನೇ ತಂದ್ರು" ಎಂದಳು.

ನಾನು ಕೈಮುಗಿದು ರಸ್ತೆಯ ಕಡೆ ನಡೆದೆ.

ಮುಂದಿನ ತಿಂಗಳ ಸಭೆಯಲ್ಲಿ ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು, ನನ್ನ ಮೇಲಿನ ಕನಿಕರಕ್ಕೆ ಎಂದುಕೊಂಡೆ. ಆಗ ಚಿಂತಾಮಣಿ ಕಡೆಯ ಒಬ್ಬರು, ಹೆಸರು ಬೇಡ, ಎದ್ದು ನಿಂತರು. "ಸಾರ್, ನಿಮ್ಮತ್ರ ಮುಚ್ಚಿಡೋದು ಯಾಕೆ. ಆ ಮಳೇಲಿ ಹೇನು ತಡ್ಯಕ್ಕಾಗದೆ ನಾವು ನಾಲ್ಕೈದು ಜನ ಅಂಗಡಿ ಔಷಧೀನೇ ಹೊಡುದ್ವಿ. ಆ ರೇಷ್ಮೆ ಗಿಡಕ್ಕೆ ಗೋಣಿಚೀಲ ಕವುಚಿ ಹೊಡುದ್ವಿ. ಕಷಾಯ ಹೊಡ್ದೋರೂ ಆ ಗಿಡ ಬಿಟ್ಟೇ ಹೊಡುದ್ರು. ಗಂಗುಲಪ್ಪಂಗೆ ಅಷ್ಟೂ ತೋಚಲಿಲ್ಲ, ಪಾಪ" ಎಂದರು.

ಅವತ್ತು ನಕ್ಕವರಲ್ಲಿ ಮೊದಲು ನಕ್ಕವರು ಅವರೇ ಇರಬಹುದು. ಕೇಳುವ ಮನಸ್ಸಾಗಲಿಲ್ಲ. ನನ್ನ ಪರೀಕ್ಷೆ ಹಿಡಿದುಕೊಟ್ಟದ್ದು ಒಬ್ಬನನ್ನೇ, ಅವನು ಒಬ್ಬನೇ ಅದಕ್ಕೆ ಮೋಸ ಮಾಡದವನು. ಮುಜೀಬ್ ಹೊರಗೆ ಹೋಗಿ ಟೆಂಪೋದ ಪಕ್ಕದಲ್ಲಿ ನಿಂತುಬಿಟ್ಟ. ನಾನು ತಲೆ ಮೇಲೆ ಕೈ ಹೊತ್ತು ಗೋಣಿಚೀಲದ ಮೇಲೆ ಕೂತೆ.

ಗಿರಾಕಿಗಳ ಗುಂಪಿಗೂ ಎಲ್ಲವನ್ನೂ ಬರೆದೆ. ಗಂಗುಲಪ್ಪನ ಹೆಸರು, ನನ್ನ ತಪ್ಪು, ಹೊಗೆಸೊಪ್ಪು, ಗೋಣಿಚೀಲ. ಈ ಸಲ ಚಪ್ಪಾಳೆ ಬರಲಿಲ್ಲ. ಹಾಗಾದರೆ ಇಷ್ಟು ದಿನ ನಮ್ಮ ಮಕ್ಕಳಿಗೆ ತಿನ್ನಿಸಿದ್ದು ಏನು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಒಬ್ಬೊಬ್ಬರೇ ಗುಂಪಿನಿಂದ ಹೊರಗೆ ಹೋದರು. ಯಲಹಂಕದ ಮುದುಕಿ ಏನೂ ಕೇಳಲಿಲ್ಲ, ಬುಟ್ಟಿ ಮಾತ್ರ ಬೇಡವೆಂದರು. ಇನ್ನೊಂದು ವರ್ಷ ಹೇಗೋ ಎಳೆದೆವು. ಯಾರ ತರಕಾರಿ ಮುಟ್ಟಿದರೂ ನನ್ನ ಕಣ್ಣಿಗೆ ಗೋಣಿಚೀಲ ಕಾಣುತ್ತಿತ್ತು. ಯಾರ ಮೇಲೂ ಬೆರಳು ತೋರಿಸುವ ಧೈರ್ಯವೂ ಉಳಿದಿರಲಿಲ್ಲ. ನಂಬಲೂ ಆಗದೆ, ಪರೀಕ್ಷೆ ಮಾಡಲೂ ಆಗದೆ ಆ ಕೆಲಸ ಮಾಡುವುದಾದರೂ ಹೇಗೆ? ಒಂದು ಸಂಕ್ರಾಂತಿಯ ಹಿಂದಿನ ದಿನ ಶೆಡ್ಡಿನ ಬೀಗದ ಕೈ ಹಿಂತಿರುಗಿಸಿದೆವು. ಮುಜೀಬ್ ಈಗ ಅದೇ ಟೆಂಪೋದಲ್ಲಿ ಶಾಮಿಯಾನ ಸಾಮಾನು ಸಾಗಿಸುತ್ತಾನೆ. ಸಿಕ್ಕಾಗ ಟೀ ಕುಡಿಯುತ್ತೇವೆ. ತರಕಾರಿಯ ಮಾತು ಇಬ್ಬರೂ ಎತ್ತುವುದಿಲ್ಲ.

ವ್ಯಾಪಾರ ಮುಳುಗಿತು ಎಂಬ ದುಃಖ ನನಗಿಲ್ಲ. ನಾನು ಮೌಲ್ಯ, ಮೌಲ್ಯ ಎಂದು ಬಡಬಡಿಸಿದ್ದೆಲ್ಲ ಕೊನೆಗೆ ಒಬ್ಬ ಮನುಷ್ಯನ ಮಾತು ಕೇಳದೇ ಇರುವುದಕ್ಕೆ ನೆಪವಾಯಿತು. ಅದನ್ನು ಮರೆಯಲು ಆಗುತ್ತಿಲ್ಲ.

ನಗರಗೆರೆಯಲ್ಲಿ ಬಸ್ಸಿಳಿದು, ಪೈಪು ಹಾಕಬೇಕಿದ್ದ ಹೊಲ ನೋಡಿಕೊಂಡು ವಾಪಸು ಬರುವಾಗ ಗಂಗುಲಪ್ಪನೇ ಎದುರಿಗೆ ಸಿಕ್ಕ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಗುರುತು ಸಿಗದವನಂತೆ ದಾಟಿಕೊಂಡು ಹೋಗಲಿಕ್ಕೆ ನೋಡಿದೆ, ಅವನು ಬಿಡಲಿಲ್ಲ. "ನಮ್ಮೂರಿಗೆ ಬಂದು ಕಾಫಿ ಕುಡೀದೆ ಹೋಗ್ತೀರಾ ಸಾರ್?" ಎಂದು ಮನೆಗೆ ಕರೆದುಕೊಂಡು ಹೋದ. ನಂಜಮ್ಮ ಕಾಫಿ ಕೊಟ್ಟು, ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದಳು. ಮಳೆ, ಬೋರ್‌ವೆಲ್, ಪೈಪು ಎಂದು ಅದೂ ಇದೂ ಮಾತಾಡಿದೆವು. ಹಿತ್ತಿಲಿನಾಚೆ ಹೊಲದ ನಡುವೆ ಒಂದೇ ಒಂದು ಹಿಪ್ಪುನೇರಳೆ ಗಿಡ ಮರದಷ್ಟು ಎತ್ತರ ಬೆಳೆದು ನಿಂತಿತ್ತು. ನಾನು ಅದರ ಕಡೆ ನೋಡಿದ್ದನ್ನು ಗಮನಿಸಿ ಅವನು ಖಾಲಿ ಲೋಟ ಎತ್ತಿಕೊಂಡ.

ಹೊರಡುವಾಗ ಒಂದು ನಿಮಿಷ ಎಂದು ಹಿತ್ತಿಲಿಗೆ ಹೋಗಿ ನಾಲ್ಕು ಹೀರೇಕಾಯಿ, ಒಂದು ಕಟ್ಟು ದಂಟಿನ ಸೊಪ್ಪು ಕಿತ್ತು ತಂದ. ನನ್ನ ಕೈಯಲ್ಲಿದ್ದ ಚೀಲ ಇಸಿದುಕೊಂಡು, ಸೊಪ್ಪು ಬಾಡದ ಹಾಗೆ ಕೆಳಗೆ ಕಾಯಿ, ಮೇಲೆ ಸೊಪ್ಪು ಇಟ್ಟು ಬಾಯಿ ಕಟ್ಟಿದ. ಬಸ್ಸಿನ ಹತ್ತಿರದವರೆಗೂ ಅವನೇ ಹೊತ್ತು ತಂದ. ಬಸ್ಸು ಬಂತು. ಹತ್ತುವಾಗ ಚೀಲವನ್ನು ಕೈಗೆ ಕೊಡುತ್ತಾ, ಸುತ್ತ ನಿಂತವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

"ಮನೆಗೆ ಅಂತ ಬೆಳ್ಕೊಂಡಿರೋದು ಸಾರ್. ಇದಕ್ಕೆ ಏನೂ ಹೊಡ್ದಿಲ್ಲ." ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಕಷಾಯಾನೂ ಹೊಡ್ದಿಲ್ಲ" ಎಂದ.

ಏನಾದರೂ ಹೊಡೆದಿದೆಯಾ ಎಂದು ನಾನು ಕೇಳಿರಲಿಲ್ಲ.